ತಲೆಯ ಮೇಲಿನ ಸೆರಗು, ಬಾಯಲ್ಲಿನ ಪ್ರಾರ್ಥನೆ

ಆರಾಧನೆಗೆ ಬರುವ ಹೆಣ್ಣುಮಕ್ಕಳು ತಲೆಯ ಮೇಲೆ ಸೆರಗು ಹೊದ್ದುಕೊಳ್ಳಲೇಬೇಕೇ ಎಂಬ ಪ್ರಶ್ನೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಆಗಾಗ ಏಳುತ್ತದೆ. ಎದ್ದಾಗಲೆಲ್ಲ ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ ಮೊದಲನೆಯ ಪತ್ರಿಕೆಯ (ಪತ್ರದ) 11ನೆಯ ಅಧ್ಯಾಯವನ್ನು ತೆರೆದು, ಐದನೆಯ ವಚನದಲ್ಲಿ ತಮಗೆ ಬೇಕಾದಷ್ಟನ್ನು ಓದಿ, ಮಾತು ಮುಗಿಯಿತೆಂದು ಹೇಳುವವರೇ ಹೆಚ್ಚು. ನಾನು ಸೆರಗು ಹೊದ್ದೇ ಆರಾಧನೆಗೆ ಕೂಡುವವಳು. ನನ್ನ ತಾಯಿಯೂ ಅಜ್ಜಿಯೂ ಹಾಗೆಯೇ ಕೂಡುತ್ತಿದ್ದರು, ನನಗೂ ಅದು ಹಿತವಾಗಿದೆ. ಆದರೆ ಇನ್ನೊಬ್ಬಳ ಮೇಲೆ ಅದನ್ನು ಹೇರುವ ಹಕ್ಕನ್ನು ಆ ಅಧ್ಯಾಯ ಯಾರಿಗೂ ಕೊಡುತ್ತದೆ ಎಂದು ನಾನು ಒಪ್ಪುವುದಿಲ್ಲ.

ತಲೆ ಮುಚ್ಚದೆ ಪ್ರಾರ್ಥಿಸುವ ಇಲ್ಲವೆ ಪ್ರವಾದಿಸುವ (ದೇವರ ಪ್ರೇರಣೆಯಿಂದ ಮಾತನಾಡುವ) ಹೆಂಗಸು ತನ್ನ ತಲೆಯನ್ನು ಅವಮಾನಪಡಿಸುತ್ತಾಳೆ ಎಂಬುದು ಆ ವಚನದ ಸಾರ. ಅಲ್ಲಿ ಪೌಲನು ಹೇಳುವುದು ಸುಮ್ಮನೆ ಕುಳಿತಿರುವ ಹೆಂಗಸಿನ ವಿಷಯವಲ್ಲ. ಪ್ರಾರ್ಥಿಸುವ, ಪ್ರವಾದಿಸುವ ಹೆಂಗಸಿನ ವಿಷಯ. ಸಭೆಯಲ್ಲಿ ಸ್ತ್ರೀಯರು ಬಾಯಿಬಿಟ್ಟು ದೇವರ ಮಾತನ್ನು ಆಡುತ್ತಾರೆ ಎಂಬುದನ್ನು ಅವನು ವಾದಕ್ಕೇ ಎತ್ತಿಕೊಳ್ಳದೆ, ನಡೆಯುತ್ತಿರುವ ಸಂಗತಿಯೆಂದು ಭಾವಿಸಿಕೊಂಡು, ಹಾಗೆ ಆಡುವಾಗ ತಲೆ ಹೇಗಿರಬೇಕೆಂದಷ್ಟೇ ಹೇಳುತ್ತಾನೆ. ಕೈಸರೈಯದ ಫಿಲಿಪ್ಪನ ನಾಲ್ವರು ಹೆಣ್ಣುಮಕ್ಕಳು ಪ್ರವಾದಿಸುತ್ತಿದ್ದರೆಂದು ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕವೂ ಹೇಳುತ್ತದೆ. ಕೊರಿಂಥದವರಿಗೆ ಬರೆದ ಅದೇ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಸ್ತ್ರೀಯರು ಸಭೆಯಲ್ಲಿ ಮೌನವಾಗಿರಲಿ ಎಂಬ ಮಾತು ಬರುವುದು ನಿಜ. ಆದರೆ ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಆ ಎರಡು ವಚನಗಳು ಬೇರೆ ಜಾಗದಲ್ಲಿ, ಅಧ್ಯಾಯದ ಕೊನೆಯಲ್ಲಿವೆ. ಅವುಗಳ ಬಗ್ಗೆ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ. ಹೀಗಿರುವಾಗ, ಸೆರಗು ಹೊದ್ದಿಲ್ಲವೆಂದು ಹುಡುಗಿಯನ್ನು ಗದರಿಸುವ ಸಭೆಯೇ ಅವಳಿಗೆ ಪ್ರಸಂಗಪೀಠವನ್ನು ನಿರಾಕರಿಸಿದರೆ, ವಚನದ ಯಾವ ಭಾಗವನ್ನು ಅದು ಪಾಲಿಸಿದಂತಾಯಿತು?

ಕೊರಿಂಥ ಎಂಥ ಊರಾಗಿತ್ತೆಂಬುದನ್ನೂ ನೋಡಬೇಕು. ಕ್ರಿ.ಪೂ. 146ರಲ್ಲಿ ರೋಮನರು ನಾಶಮಾಡಿದ ಆ ಪಟ್ಟಣವನ್ನು ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ರೋಮನ್ ವಸಾಹತಾಗಿ ಮತ್ತೆ ನೆಲೆಗೊಳಿಸಿದನು. ರೋಮನ್ ಪದ್ಧತಿಯಲ್ಲಿ ಬಲಿ ಅರ್ಪಿಸುವ ಗಂಡಸು ತನ್ನ ಉಡುಪಿನ ಅಂಚನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದನು. ಹಾಗೆ ತಲೆ ಮುಚ್ಚಿಕೊಂಡ ಅಗಸ್ಟಸ್ ಚಕ್ರವರ್ತಿಯ ಪ್ರತಿಮೆ ಕೊರಿಂಥದಲ್ಲೇ ಸಿಕ್ಕಿದೆ. ಅಲ್ಲಿನ ಗಂಡಸರಿಗೆ ತಲೆ ಮುಚ್ಚಬೇಡಿರಿ ಎಂದು ಪೌಲನು ಬರೆದದ್ದು ಸಣ್ಣ ಮಾತಾಗಿರಲಿಲ್ಲ. ಮುಸುಕಾದರೋ ಆ ಸಮಾಜದಲ್ಲಿ ಮದುವೆಯಾದ ಮರ್ಯಾದಸ್ಥ ಹೆಣ್ಣಿನ ಗುರುತಾಗಿತ್ತು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸೊಸೆಯು ಮಾವನ ಮುಂದೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ರೈಸ್ತರಾಗಿ ನಾವು ಸೆರಗು ಹೊದೆಯುವುದರಲ್ಲಿ ಪೌಲನ ಪಾಲೆಷ್ಟು, ಊರಿನ ರೂಢಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಇದಕ್ಕೆ ಎದುರಾಗಿ ಒಂದು ಗಟ್ಟಿಯಾದ ವಾದವಿದೆ. ಪೌಲನು ಊರಿನ ರೂಢಿಯನ್ನಷ್ಟೇ ಹೇಳಲಿಲ್ಲ, ಸ್ತ್ರೀ ಪುರುಷನಿಂದ ಉಂಟಾದಳೆಂಬ ಸೃಷ್ಟಿಯ ಕ್ರಮವನ್ನೂ ದೇವದೂತರನ್ನೂ ಮುಂದಿಟ್ಟನು, ಆದ್ದರಿಂದ ಈ ಆಜ್ಞೆ ಎಲ್ಲ ಕಾಲಕ್ಕೂ ಸಲ್ಲುತ್ತದೆ ಎನ್ನುತ್ತಾರೆ. ಬ್ರದರನ್ ಮತ್ತು ಪೆಂತೆಕೊಸ್ತ ಸಭೆಗಳಲ್ಲಿ ಅನೇಕರು ಇದನ್ನು ಪ್ರಾಮಾಣಿಕವಾಗಿ ನಂಬುತ್ತಾರೆ. ಅವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ಉಸಿರಿನಲ್ಲಿ ಪೌಲನು, ಕರ್ತನಲ್ಲಿ ಸ್ತ್ರೀಯಿಲ್ಲದೆ ಪುರುಷನಿಲ್ಲ, ಪುರುಷನಿಲ್ಲದೆ ಸ್ತ್ರೀಯಿಲ್ಲ, ಎಲ್ಲವೂ ದೇವರಿಂದಲೇ ಎಂದು ತನ್ನ ವಾದವನ್ನು ತಾನೇ ಸರಿತೂಗಿಸುತ್ತಾನೆ. ಮರುವಚನದಲ್ಲಿ, ನೀವೇ ವಿಚಾರಮಾಡಿರಿ ಎಂದು ಕೇಳುವವರಿಗೇ ಬಿಡುತ್ತಾನೆ. ಇನ್ನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಹೆಂಗಸರಿಗೆ ಚಿನ್ನ, ಮುತ್ತು, ಬೆಲೆಬಾಳುವ ವಸ್ತ್ರ ಬೇಡವೆಂದಿದೆ. ನಮ್ಮ ಮದುವೆಗಳಲ್ಲಿ ಆ ವಚನವನ್ನು ಓದುವ ಧೈರ್ಯ ಮಾಡಿದವರನ್ನು ನಾನಂತೂ ಕಂಡಿಲ್ಲ.

ಕಥೋಲಿಕ ಧರ್ಮಸಭೆಯ ಉದಾಹರಣೆ ನನ್ನ ಮಾತನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಪೂಜೆಯಲ್ಲಿ ಹೆಂಗಸರು ತಲೆ ಮುಚ್ಚಿಕೊಂಡಿರಬೇಕೆಂದು 1917ರ ಅದರ ಕಾನೂನು ಸಂಹಿತೆ ವಿಧಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಯಮವಿಲ್ಲ. ಈ ಮುಸುಕಿನ ನಿಯಮಕ್ಕೆ ಈಗ ಕಟ್ಟುಪಾಡಿನ ಬಲವಿಲ್ಲವೆಂದು ವ್ಯಾಟಿಕನ್ 1976ರಲ್ಲಿಯೇ ಹೇಳಿತ್ತು, ಆದರೆ ಹಾಗೆ ಹೇಳಿದ್ದು ಸ್ತ್ರೀಯರಿಗೆ ಗುರುದೀಕ್ಷೆ (ಪಾದ್ರಿಯಾಗುವ ದೀಕ್ಷೆ) ಸಲ್ಲದೆಂದು ಸಾರಿದ ಪತ್ರದಲ್ಲಿ. ತಲೆಯ ಮೇಲಿನ ಬಟ್ಟೆ ಹೋದಮಾತ್ರಕ್ಕೆ ಹೆಣ್ಣಿಗೆ ಸ್ಥಾನ ಸಿಗುವುದಿಲ್ಲ. ಪ್ರೊಟೆಸ್ಟಂಟರ ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) 2013ರಲ್ಲಿ ನಂದ್ಯಾಲ ಧರ್ಮಪ್ರಾಂತ್ಯಕ್ಕೆ ಪುಷ್ಪ ಲಲಿತಾ ಅವರು ಆ ಸಭೆಯ ಮೊದಲ ಮಹಿಳಾ ಬಿಷಪ್ಪರಾದಾಗ, ಅವರು ತಲೆ ಮುಚ್ಚಿದ್ದರೋ ಇಲ್ಲವೋ ಎಂಬುದು ಮುಖ್ಯವಾಗಿರಲಿಲ್ಲ.

ಸೆರಗು ಹೊದೆಯುವ ಅಕ್ಕತಂಗಿಯರು ಹೊದೆಯಲಿ; ಅವರನ್ನು ಹಳೆಯ ಕಾಲದವರೆಂದು ನಗುವುದೂ ತಪ್ಪು. ಮೊದಲ ಬಾರಿಗೆ ಆರಾಧನೆಗೆ ಬಂದ ಹುಡುಗಿಯನ್ನು ಬಾಗಿಲಲ್ಲಿ ತಡೆದು ದುಪಟ್ಟಾ ಎಲ್ಲಿ ಎಂದು ಕೇಳುವುದನ್ನು ಮಾತ್ರ ನಿಲ್ಲಿಸೋಣ. ಸಭಾಮಂಡಳಿಯಲ್ಲಿ ಉಡುಪಿನ ನಿಯಮ ಚರ್ಚೆಗೆ ಬಂದರೆ, ಭಾನುವಾರದ ಪ್ರಸಂಗವನ್ನು ಹೆಂಗಸರಿಗೆ ಯಾವ ಯಾವ ವಾರ ಕೊಡುತ್ತೀರಿ ಎಂಬ ಪ್ರಶ್ನೆಯನ್ನೂ ಅದೇ ದಿನ, ಅದೇ ಅಧ್ಯಾಯವನ್ನು ತೆರೆದಿಟ್ಟುಕೊಂಡು ಕೇಳಬೇಕೆಂದು ಸದಸ್ಯರನ್ನು ಕೋರುತ್ತೇನೆ.