ಕಂಬಳಿ ಹಿಡಿದ ಹನ್ನೊಂದು ಕೈ

ಆಮ್‌ಸ್ಟರ್‌ಡಾಮಿನ ಡಾಮ್ ಚೌಕದಲ್ಲಿ ನ್ಯೂವೆ ಕೆರ್ಕ್ ಅಂತ ಒಂದು ಚರ್ಚಿದೆ. ಹಾಗಂದ್ರೆ ಹೊಸ ಚರ್ಚು. ವಯಸ್ಸು ಆರುನೂರು ವರ್ಷ! (ನಮ್ಮ ಹೊಸಪೇಟೆ ಇನ್ನೂ ಹೊಸದಾಗೇ ಇಲ್ವಾ, ಹಾಗೆ.) ಡಚ್ ರಾಜರು ಪಟ್ಟಕ್ಕೆ ಬರುವುದು ಇಲ್ಲೇ. ವರ್ಲ್ಡ್ ಪ್ರೆಸ್ ಫೋಟೋ, ಅಂದ್ರೆ ಜಗತ್ತಿನ ಸುದ್ದಿಚಿತ್ರಗಳ ಸ್ಪರ್ಧೆ, ಅದರ ಪ್ರದರ್ಶನ ನಡೆಯುವುದೂ ಇಲ್ಲೇ. ಯುದ್ಧ, ನೆರೆ, ಬರ, ಊರು ಬಿಟ್ಟು ಹೊರಟವರು, ಎಲ್ಲ ಆಳೆತ್ತರದ ಚಿತ್ರಗಳಾಗಿ ನಿಂತಿರುತ್ತವೆ.

2025ರಲ್ಲಿ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಗದಗಿನ ಕಡೆಯಿಂದ ಮೂರು ತಿಂಗಳಿಗೆ ಬಂದಿದ್ದಳು. ಟುಲಿಪ್ ತೋಟ ನೋಡಿ ಆಗಿತ್ತು.

ಒಳಗೆ ಯಾರೂ ಮಾತಾಡುವುದಿಲ್ಲ. ಜನ ಒಂದು ಚಿತ್ರದ ಮುಂದೆ ನಿಲ್ಲುತ್ತಾರೆ, ಓದುತ್ತಾರೆ, ಕೈ ಹಿಂದೆ ಕಟ್ಟಿಕೊಂಡು ಮುಂದಕ್ಕೆ ಸರಿಯುತ್ತಾರೆ. ಅವ್ವ ಸರಿಯಲಿಲ್ಲ. ಆ ವರ್ಷ ದೊಡ್ಡ ಬಹುಮಾನ ಪಡೆದ ಚಿತ್ರದ ಮುಂದೆ ನಿಂತುಬಿಟ್ಟಳು. ಗಾಜಾದ ಒಂಬತ್ತು ವರ್ಷದ ಹುಡುಗ. ಬಾಂಬ್ ದಾಳಿಯಲ್ಲಿ ಎರಡೂ ತೋಳು ಹೋಗಿವೆ. ಒಂದು ಪಕ್ಕದಿಂದ ಮುಖದ ಮೇಲೆ ಬೆಳಕು ಬಿದ್ದಿದೆ.

"ಈ ಹುಡುಗ ಈಗ ಎಲ್ಲದಾನ? ಇವಂಗ ಊಟ ಯಾರ್ ಮಾಡಸ್ತಾರ?"

ಅವ್ವನ ದನಿ ಹೊಲದಲ್ಲಿ ಬೆಳೆದ ದನಿ. ಚರ್ಚಿನ ತುಂಬ ಕೇಳಿಸಿತು. ನಾಲ್ಕು ಜನ ತಿರುಗಿ ನೋಡಿದರು. ನನಗೂ ಒಂಥರಾ ಆಯ್ತು, ಸುಳ್ಳು ಯಾಕೆ ಹೇಳಲಿ. ಆದರೆ ಉತ್ತರ ಚಿತ್ರದ ಪಕ್ಕದ ಬರಹದಲ್ಲೇ ಇತ್ತು. ಕತಾರಿನ ದೋಹಾದಲ್ಲಿ ಇದ್ದಾನೆ. ಉಣ್ಣಲು, ಬಟ್ಟೆ ಹಾಕಿಕೊಳ್ಳಲು ಇನ್ನೊಬ್ಬರು ಬೇಕು. ಕಾಲಲ್ಲಿ ಬರೆಯುವುದು, ಬಾಗಿಲು ತೆರೆಯುವುದು, ಫೋನಿನಲ್ಲಿ ಆಡುವುದು ಕಲಿಯುತ್ತಿದ್ದಾನೆ. ಅವನ ಹೆಸರೂ ಇತ್ತು. ಚಿತ್ರ ತೆಗೆದ ಸಮರ್ ಅಬು ಎಲೂಫ್ ಕೂಡ ಗಾಜಾದವರೇ, 2023ರ ಡಿಸೆಂಬರಿನಲ್ಲಿ ಅಲ್ಲಿಂದ ಹೊರಬಂದವರು. ದೋಹಾದಲ್ಲಿ ಆ ಹುಡುಗನಿದ್ದ ವಸತಿಯಲ್ಲೇ ಇದ್ದರು. ಅಂದ್ರೆ ಇದು ಪಕ್ಕದ ಮನೆಯವರು ತೆಗೆದ ಚಿತ್ರ.

ನನಗೆ ನೆನಪಾದದ್ದು ನಮ್ಮ ದೊಡ್ಡವ್ವ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಅವಳ ಮನೆಗೆ ಎದೆಮಟ್ಟ ನೀರು ನುಗ್ಗಿತ್ತು. ಶಾಲೆಯಲ್ಲಿ ಗಂಜಿ ಕೇಂದ್ರ. ಮೂರನೇ ದಿನ ಯಾವುದೋ ಸಂಘದವರು ಕಂಬಳಿ ತಂದರು. ಜೊತೆಗೆ ಬ್ಯಾನರ್ರು. ದೊಡ್ಡವ್ವನನ್ನು ನಡುವೆ ನಿಲ್ಲಿಸಿ, ಒಂದು ಕಂಬಳಿಗೆ ಹನ್ನೊಂದು ಜನ ಕೈ ಹಚ್ಚಿದರು. ಮೊದಲನೇ ಸಲ ಫೋಟೋ ಸರಿ ಬರಲಿಲ್ಲ. ಕಂಬಳಿ ವಾಪಸ್ ಇಸಿದುಕೊಂಡು ಮತ್ತೊಮ್ಮೆ ಕೊಟ್ಟರು! ಆಮೇಲೆ ವಾಟ್ಸಾಪಿನಲ್ಲಿ ಬಂದ ಆ ಫೋಟೋ ನೋಡಿದೆ. ಹನ್ನೊಂದು ಜನರ ಹೆಸರು, ಹುದ್ದೆ ಸಮೇತ. ದೊಡ್ಡವ್ವ ಬರೀ 'ಸಂತ್ರಸ್ತೆ'.

ಈ ಚರ್ಚಿನ ಚಿತ್ರಗಳಲ್ಲಿ ಕೊಟ್ಟವರ ಮುಖ ಕಾಣುವುದಿಲ್ಲ. ನಮ್ಮಲ್ಲಿ ಕೊಟ್ಟವರ ಮುಖವೇ ಕಾಣುವುದು. ಇದನ್ನು ಇಲ್ಲಿನ ಕನ್ನಡ ಗೆಳೆಯರಿಗೆ ಹೇಳಿದರೆ "ನಮ್ಮವರು ಯಾವಾಗ ಕಲೀತಾರೋ" ಅಂತ ಶುರು ಮಾಡುತ್ತಾರೆ. ಅಷ್ಟು ಸಲೀಸಾಗಿ ನಾನು ಒಪ್ಪುವುದಿಲ್ಲ. ಈ ಪಶ್ಚಿಮದವರೂ ಮೊದಲಿನಿಂದ ಹೀಗೇನೂ ಇರಲಿಲ್ಲ. ನಮ್ಮ ಹಿರಿಯರು ಧಾತು ಈಶ್ವರ ಬರ ಅನ್ನುತ್ತಿದ್ದರಲ್ಲ, 1876ರಿಂದ 78ರವರೆಗಿನದು? ಅದರ ಹೊಡೆತಕ್ಕೆ, 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ಆಗ ವಿಲ್ಲೋಬಿ ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮದ್ರಾಸಿನ ಕಡೆ ಎಲುಬಿನ ಹಂದರವಾದ ಜನರನ್ನು ಸಾಲಾಗಿ ಕೂರಿಸಿ ಚಿತ್ರ ತೆಗೆದ. ಅವರ ಒಬ್ಬರ ಹೆಸರೂ ಚಿತ್ರದ ಜೊತೆ ಉಳಿದಿಲ್ಲ.

ಅಮೆರಿಕದ ಡೊರೋಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿಯ ಚಿತ್ರ ತೆಗೆದರು. ಜಗತ್ತೆಲ್ಲ ನೋಡಿದ ಚಿತ್ರ ಅದು. ಹೆಸರು ಕೇಳಲೇ ಇಲ್ಲ ಅಂತ ಮುಂದೆ ಅವರೇ ಬರೆದರು. ಪತ್ರಿಕೆಯಲ್ಲಿ ಚಿತ್ರ ನೋಡಿ ಸರ್ಕಾರ ಬಿಡಾರಕ್ಕೆ 20,000 ಪೌಂಡು ತೂಕದ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಬೇರೆ ಕಡೆ ಹೋಗಿಯಾಗಿತ್ತು. ಅವಳು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಗೊತ್ತಾಗಿದ್ದು 1978ರಲ್ಲಿ. ಆ ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು ಅಂದಳಂತೆ.

ಇವತ್ತು ಪಕ್ಕದಲ್ಲಿ ಹೆಸರು ಬರೆಯುವ ರೂಢಿ ಇಂಥ ಎಡವಟ್ಟುಗಳಿಂದಲೇ ಬಂದಿರಬೇಕು.

ಇನ್ನೊಂದು ಮಾತು. ದೊಡ್ಡವ್ವನಿಗೆ ಸಿಟ್ಟು ಬಂದದ್ದು ಕಂಬಳಿಯ ಮೇಲಲ್ಲ, ಬ್ಯಾನರಿನ ಮೇಲೂ ಅಲ್ಲ. "ತಲಿ ಬಾಚಿರಲಿಲ್ಲ. ಸೀರಿ ಹಸಿ ಇತ್ತು. ಹಂಗ ನಿಲ್ಲಿಸಿಬಿಟ್ರು." ಅವಳ ಕಾಲದಲ್ಲಿ ಫೋಟೋ ಅಂದ್ರೆ ಮುಖ ತೊಳೆದು, ಪೌಡರ್ ಹಚ್ಚಿ, ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಳ್ಳುವುದು. ಆ 'ತೆಗೆಸಿಕೊಳ್ಳುವುದು' ಅನ್ನುವ ಮಾತಿನಲ್ಲೇ ಎಲ್ಲ ಇದೆ ಅಲ್ವಾ? ಅವಳಾಗಿ ಹೋಗಿ ಕೂರುತ್ತಿದ್ದಳು. ಕಂಬಳಿಯ ದಿನ ಅವಳನ್ನು ಬರೀ ತೆಗೆದರು. ಈ ಚರ್ಚಿನೊಳಗೂ ಎಷ್ಟೋ ಜನರನ್ನು ಹಾಗೆ ಬರೀ ತೆಗೆದಿದ್ದಾರೆ ಅನಿಸಿತು. ಬೆಳಕು, ಚೌಕಟ್ಟು ಎಷ್ಟೇ ಚೆನ್ನಾಗಿರಲಿ.

ಆ ರಾತ್ರಿ ಅವ್ವ ವಿಡಿಯೋ ಕಾಲಿನಲ್ಲಿ ದೊಡ್ಡವ್ವನಿಗೆ ಹುಡುಗನ ಕತೆ ಹೇಳುತ್ತಿದ್ದಳು. ದೊಡ್ಡವ್ವ ಸುಮ್ನೆ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಆ ಫೋಟೋ ಅವಂಗ ತೋರ್ಸಿದ್ರಂತೇನು? ಹಿಡಿಸ್ತಂತ ಅವಂಗ?"

ಅವ್ವ ಫೋನನ್ನು ನನ್ನ ಕಡೆ ತಿರುಗಿಸಿದಳು.