ಡಾಟ್ ಹ್ಯಾಕ್: ಅನಿಮೆ ಡಿವಿಡಿ ಇಲ್ಲದಿದ್ದರೆ ಅರ್ಧ ಕಥೆ

ಹಳೇ ಡಾಟ್ ಹ್ಯಾಕ್ ಗೇಮ್ ಆಡೋಕೆ ಹೊರಟವರಿಗೆ ಒಂದು ಮಾತು. ಬರೀ ಗೇಮ್ ಡಿಸ್ಕ್ ಹುಡುಕಬೇಡಿ. ಅದರ ಜೊತೆ ಬಂದಿದ್ದ ಅನಿಮೆ (ಜಪಾನಿ ಅನಿಮೇಷನ್) ಡಿವಿಡಿ ಸಿಗದಿದ್ದರೆ ನಿಮಗೆ ದಕ್ಕೋದು ಅರ್ಧ ಕಥೆಯಷ್ಟೇ.

ಸೈಬರ್‌ಕನೆಕ್ಟ್2 ಮಾಡಿ ಬಂದಾಯ್ ಹೊರತಂದ ಈ ಪ್ಲೇಸ್ಟೇಷನ್ 2 ಗೇಮ್ ನಾಲ್ಕು ಭಾಗಗಳಲ್ಲಿ ಬಂತು. ಜಪಾನಿನಲ್ಲಿ 2002ರ ಜೂನ್‌ನಲ್ಲಿ ಇನ್ಫೆಕ್ಷನ್, ಆಮೇಲೆ ಮ್ಯುಟೇಶನ್, ಔಟ್‌ಬ್ರೇಕ್, 2003ರ ಏಪ್ರಿಲ್‌ನಲ್ಲಿ ಕ್ವಾರಂಟೈನ್. ಒಂದೊಂದು ಡಬ್ಬಿಯಲ್ಲೂ ‘ಲಿಮಿನಾಲಿಟಿ’ ಅನ್ನೋ ಕಿರುಚಿತ್ರ ಸರಣಿಯ ಒಂದು ಕಂತು. ನಿರ್ದೇಶನ ಕೋಯಿಚಿ ಮಾಶಿಮೊ, ಸಂಗೀತ ಯುಕಿ ಕಾಜಿಯುರಾ.

ಕಥೆ ಹೆಣೆದಿರೋ ರೀತಿಯೇ ಇದರ ಹೆಚ್ಚುಗಾರಿಕೆ. ಗೇಮ್ ಶುರು ಮಾಡಿದರೆ ಕಾಣೋದು ಆಲ್ಟಿಮಿಟ್ ಅನ್ನೋ, ಕಂಪ್ಯೂಟರ್ ನಡೆಸೋ ಕಾಲ್ಪನಿಕ ಓಎಸ್‌ನ ಡೆಸ್ಕ್‌ಟಾಪ್. ಅಲ್ಲೇ ಮೇಲ್, ಅಲ್ಲೇ ಸುದ್ದಿ. ಅಲ್ಲಿಂದ ‘ದಿ ವರ್ಲ್ಡ್’ ಅನ್ನೋ ಆನ್‌ಲೈನ್ ಗೇಮ್‌ಗೆ ಲಾಗಿನ್ ಆಗಬೇಕು. ಗೆಳೆಯ ಓರ್ಕಾ ಕೋಮಾಗೆ ಹೋದದ್ದು ಯಾಕೆ ಅಂತ ನೀವು ಆಡೋ ಪಾತ್ರ ಕೈಟ್ ಹುಡುಕೋದೆಲ್ಲ ಆ ಪರದೆಯೊಳಗೇ. ಲಿಮಿನಾಲಿಟಿ ಅದೇ ಹೊತ್ತಿಗೆ ಪರದೆಯ ಈಚೆ ನಡೆಯುತ್ತೆ. ಆಡ್ತಾ ಆಡ್ತಾ ಪ್ರಜ್ಞೆ ತಪ್ಪಿ, ಮತ್ತೆ ಎಚ್ಚರಗೊಂಡ ಮಾಯ್ ಮಿನಾಸೆ, ಆ ಗೇಮ್ ಕಂಪನಿಯ ಮಾಜಿ ನೌಕರ ತೊಕುಓಕಾ ಇಬ್ಬರೂ ಹೊರಗಿನಿಂದ ಜಾಡು ಹಿಡಿಯುತ್ತಾರೆ. ಗೇಮಿನ ಕಥೆಯನ್ನೇ ಮತ್ತೆ ತೋರಿಸೋ ಅನಿಮೆಗಳ ನಡುವೆ ಇದು ನಿಜವಾಗಿ ಹೊಸದನ್ನು ಕೊಡುತ್ತೆ. ಅದಕ್ಕೇ ಒಂದು ಭಾಗ ಆಡಿ ಮುಗಿಸಿ, ಅದರ ಕಂತು ನೋಡಿ, ಆಮೇಲೆ ಮುಂದಿನ ಭಾಗಕ್ಕೆ ಹೋಗಿ. ನಾಲ್ಕನ್ನೂ ಒಟ್ಟಿಗೆ ನೋಡಿದರೆ ಆ ಜೋಡಣೆಯೇ ತಪ್ಪಿಹೋಗುತ್ತೆ.

ಹೊಸಬರು ಎಡವೋದು, ಕೈಟ್‌ನ ಬಳೆಯಿಂದ ಶತ್ರುವಿನ ಡೇಟಾ ಹೀರೋ ಡೇಟಾ ಡ್ರೈನ್‌ನಲ್ಲಿ. ಶತ್ರುವನ್ನು ಹೊಡೀತಾ ಹೋಗಿ, ‘ಪ್ರೊಟೆಕ್ಟ್ ಬ್ರೇಕ್’ ಅಂತ ಬಂದ ಮೇಲಷ್ಟೇ ಬಳೆಯ ಶಕ್ತಿ ಬಳಸಬಹುದು. ಆಗ ಶತ್ರು ಕೆಳದರ್ಜೆಗೆ ಇಳಿಯುತ್ತೆ, ಅಪರೂಪದ ವಸ್ತು ಸಿಗುತ್ತೆ, ಆದರೆ ಕೊಂದರೆ ಬರೋ ಅನುಭವ ಅಂಕ ಕಮ್ಮಿ. ಮುಚ್ಚಿದ ದ್ವಾರ ತೆರೆಯೋಕೆ ಬೇಕಾದ ವೈರಸ್ ಕೋರ್ ಅನ್ನೋ ವಸ್ತು ಸಿಗೋದೂ ಇದರಿಂದಲೇ. ಆಸೆಗೆ ಬಿದ್ದು ಪದೇ ಪದೇ ಬಳಸಿದರೆ ಕೈಟ್‌ನ ಸೋಂಕಿನ ಮಟ್ಟ ಏರಿ ಕೆಂಪಾಗುತ್ತೆ. ಆ ಹಂತದಲ್ಲಿ ಬಳಸಿದರೆ ನೇರ ಗೇಮ್ ಓವರ್ ಕೂಡ ಆಗಬಹುದು. ನಾಲ್ಕಾರು ಶತ್ರುಗಳನ್ನು ಮಾಮೂಲಿಯಾಗಿ ಕೊಂದರೆ ಮಟ್ಟ ಇಳಿಯುತ್ತೆ. ಡ್ರೈನ್‌ಗೆ ಮೊದಲು ಸೇವ್ ಆಗಿದೆಯಾ ನೋಡಿಕೊಳ್ಳಿ.

ದೂರಬೇಕಾದದ್ದೂ ಇದೆ. ಒಂದೇ ಗೇಮನ್ನು ನಾಲ್ಕಾಗಿ ಸೀಳಿ ಬೇರೆ ಬೇರೆಯಾಗಿ ಮಾರಿದ್ದು ಸರಿಯಲ್ಲ. ಮೂರು ಪದ ಜೋಡಿಸಿ ಜಾಗ ಸೃಷ್ಟಿಸೋದು ಚೆಂದದ ಕಲ್ಪನೆ, ಆದರೆ ಒಳಗೆ ಹೋದರೆ ಅವೇ ಕೋಣೆಗಳು, ಅವೇ ಗೋಡೆಗಳು. ಎರಡನೇ ಭಾಗದ ಹೊತ್ತಿಗೇ ಬೇಸರ ಬರುತ್ತೆ. ಮುಂದಕ್ಕೆ ಎಳೆಯೋದು ಕಥೆಯೊಂದೇ.

ಮುಂದಿನ ಸರಣಿ ಜಿ.ಯು.ಗೆ 2017ರಲ್ಲಿ ಹೊಸ ರೂಪ ಸಿಕ್ಕಿತು, ಆದರೆ ಅದರಲ್ಲಿ ಈ ನಾಲ್ಕು ಭಾಗ ಇಲ್ಲ. ಹಾಗಾಗಿ ಮೊದಲ ನಾಲ್ಕು ಬೇಕಿದ್ದವರು ಹಳೇ ಡಿಸ್ಕ್ ಕೊಳ್ಳುವಾಗ ಎಚ್ಚರ ವಹಿಸಬೇಕು. ಡಬ್ಬಿಯಲ್ಲಿ ಎರಡೂ ಡಿಸ್ಕ್ ಇವೆಯಾ ಅಂತ ಫೋಟೋ ಕೇಳಿ. ಡಿವಿಡಿಗಳಿಗೆ ವಲಯದ ಬೀಗ ಇರುತ್ತೆ, ಒಂದು ವಲಯದ್ದು ಇನ್ನೊಂದು ವಲಯದ ಯಂತ್ರದಲ್ಲಿ ಓಡಲ್ಲ. ಭಾರತದ ಡಿವಿಡಿ ವಲಯ 5, ಅಮೆರಿಕದ್ದು 1, ಜಪಾನಿನದ್ದು 2. ಪ್ಲೇಸ್ಟೇಷನ್ 2 ಗೇಮಿಗೂ ವಲಯದ ಬೀಗ ಉಂಟು. ಕನ್ಸೋಲೂ ಎರಡೂ ಡಿಸ್ಕೂ ಒಂದೇ ವಲಯದ್ದಾಗಿರಲಿ. ಮೆಮೊರಿ ಕಾರ್ಡಿನ ಸೇವ್ ಅಳಿಸಬೇಡಿ, ಕೈಟ್‌ನ ಲೆವೆಲ್ಲು, ಸಾಮಾನು ಎಲ್ಲ ಮುಂದಿನ ಭಾಗಕ್ಕೆ ಹೋಗೋದು ಅದರಿಂದಲೇ.