ಚರ್ಚಿನ ಕನ್ನಡ ಚರ್ಚಲ್ಲೇ ಇರಲಿ, ಸುವಾರ್ತೆಗೆ ಮನೆಯ ಕನ್ನಡ ಸಾಕು

ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುತ್ತಿರುವ ಒಬ್ಬರ ಕೈಗೆ ಒಂದು ಕರಪತ್ರ ಬರುತ್ತದೆ. 'ಪಾಪದ ಸಂಬಳ ಮರಣ. ಕುರಿಮರಿಯ ರಕ್ತದಲ್ಲಿ ತೊಳೆಯಲ್ಪಟ್ಟು ಹೊಸದಾಗಿ ಹುಟ್ಟಿರಿ.' ಅಚ್ಚು ಹಾಕಿಸಿದವರಿಗೆ ಅದು ಅಪ್ಪಟ ಸತ್ಯವೇದದ, ಅಂದರೆ ಬೈಬಲ್ಲಿನ, ಮಾತು. ಓದಿದವರಿಗೆ ಮಾತ್ರ ಸಂಬಳ, ಕುರಿ, ರಕ್ತ, ಹೆರಿಗೆ. ಬಸ್ಸು ಬರುವಷ್ಟರಲ್ಲಿ ಆ ಕಾಗದ ಕಡಲೆಕಾಯಿ ಸಿಪ್ಪೆ ಹಾಕೋಕೆ ಒದಗುತ್ತದೆ. ಇದಕ್ಕೆ 'ಜನರ ಹೃದಯ ಕಠಿಣವಾಗಿದೆ' ಅಂತ ಸಭೆಯಲ್ಲಿ ಪ್ರಾರ್ಥನೆ ಮಾಡ್ತೀವಿ. ಕಠಿಣವಾಗಿರೋದು ನಮ್ಮ ಕನ್ನಡ ಸ್ವಾಮಿ.

ನಂಬಿಕೆ ಹಂಚಿಕೊಳ್ಳೋಕೆ ಧೈರ್ಯ ಬೇಕು ಅಂತ ಪಾಸ್ಟರುಗಳು, ಫಾದರುಗಳು ಹೇಳ್ತಾನೇ ಇರ್ತಾರೆ. ಬೆಂಗಳೂರಲ್ಲಿ ಧೈರ್ಯಕ್ಕಿಂತ ಮೊದಲು ಬೇಕಾಗಿರೋದು ಅರ್ಥವಾಗುವ ಭಾಷೆ ಮತ್ತು ಕೇಳಿಸಿಕೊಳ್ಳುವ ಕಿವಿ ಅನ್ನೋದು ನನ್ನ ವಾದ.

ಮೊದಲು 'ಯಾಕೆ ಹೇಳಬೇಕು?' ಅನ್ನೋದು. ಎಷ್ಟೋ ಕ್ರೈಸ್ತರೇ ಕೇಳ್ತಾರೆ, ಒಳ್ಳೆಯವರಾಗಿ ಬದುಕಿದರೆ ಸಾಲದಾ ಅಂತ. ಸುವಾರ್ತೆ ಅಂದರೆ ಯೇಸುವಿನ ಬಗೆಗಿನ ಒಳ್ಳೆಯ ಸುದ್ದಿ, ಆ ಪದದೊಳಗೇ ವಾರ್ತೆ ಇದೆ. ಬುದ್ಧಿಮಾತಾದರೆ ನಮ್ಮಲ್ಲೇ ಇಟ್ಟುಕೊಳ್ಳಬಹುದು, ಸುದ್ದಿಯನ್ನು ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು. ನೀವು ಒಳ್ಳೆಯವರಾಗಿ ಬದುಕಿದರೆ ಪಕ್ಕದ ಮನೆಯವರು 'ಅವರಮ್ಮ ಚೆನ್ನಾಗಿ ಬೆಳೆಸಿದ್ದಾರೆ' ಅಂತಾರೆ, ಯೇಸುಸ್ವಾಮಿ ಅವರ ಲೆಕ್ಕಕ್ಕೇ ಬರೋದಿಲ್ಲ. ಬೈಬಲ್ಲಿನ ಮತ್ತಾಯ 28ರಲ್ಲಿ 'ಹೊರಟುಹೋಗಿ ಎಲ್ಲಾ ದೇಶಗಳ ಜನರನ್ನು ಶಿಷ್ಯರನ್ನಾಗಿ ಮಾಡಿ' ಅನ್ನುವ ಅಪ್ಪಣೆ ಇದೆ. ಅದನ್ನು ಎಲ್ಲರೂ ಬಾಯಿಪಾಠ ಒಪ್ಪಿಸ್ತಾರೆ. ಪೇತ್ರನ ಮೊದಲ ಪತ್ರ 3:15ರಲ್ಲಿ ಮಾತ್ರ ಅರ್ಧ ನುಂಗ್ತಾರೆ. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳಿದವರಿಗೆ ಉತ್ತರ ಹೇಳಲು ಸಿದ್ಧರಾಗಿರಿ ಅನ್ನೋದು ಅಲ್ಲಿನ ಮೊದಲರ್ಧ, ಅದನ್ನು ಸಾತ್ವಿಕತೆಯಿಂದಲೂ ಗೌರವದಿಂದಲೂ ಹೇಳಿ ಅನ್ನೋದು ಉಳಿದರ್ಧ. ಮತ್ತಾಯ 23:15 ಅಂತೂ ಪ್ರಸಂಗಕ್ಕೇ ಬರೋದಿಲ್ಲ. ಒಬ್ಬನನ್ನು ಮತಕ್ಕೆ ಸೇರಿಸೋಕೆ ಸಮುದ್ರವನ್ನೂ ಭೂಮಿಯನ್ನೂ ಸುತ್ತಿ, ಸೇರಿದ ಮೇಲೆ ಅವನನ್ನು ತಮಗಿಂತ ಹಾಳು ಮಾಡುವವರನ್ನು ಯೇಸು ಬೈದದ್ದು ಅಲ್ಲೇ.

ಈಗ ಪದಗಳಿಗೆ ಬರೋಣ, ಎಡವಟ್ಟು ಜಾಸ್ತಿ ಆಗೋದು ಇಲ್ಲೇ.

'ಪಾಪ' ಅಂದ ತಕ್ಷಣ ಕನ್ನಡದ ಕಿವಿಗೆ ಒಂದೋ 'ಅಯ್ಯೋ ಪಾಪ' ಕೇಳಿಸುತ್ತೆ, ಇಲ್ಲವೇ ಪಾಪ-ಪುಣ್ಯದ ಲೆಕ್ಕದ ಪುಸ್ತಕ. ಲೆಕ್ಕ ಅಂದುಕೊಂಡವರು 'ಹಾಗಾದರೆ ದಾನ-ಧರ್ಮ ಮಾಡಿ ಸರಿದೂಗಿಸ್ತೀನಿ ಬಿಡಿ' ಅಂತಾರೆ. ಅವರ ಕಡೆಯಿಂದ ಅದು ಸರಿಯಾದ ಉತ್ತರವೇ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿರುವ 'ಹಮಾರ್ತಿಯ' ಅನ್ನುವ ಪದದ ಮೂಲಾರ್ಥ ಗುರಿ ತಪ್ಪೋದು. ಪಾಪ ಅಂದರೆ ಅಪ್ಪನ ಜೊತೆ ಮಾತು ಬಿಟ್ಟು ಮನೆಯಿಂದ ಹೊರಟುಹೋದ ಮಗನ ಸ್ಥಿತಿ ಅಂತ ಹೇಳಿ, ಅಜ್ಜಿಗೂ ಅರ್ಥವಾಗುತ್ತೆ, ಐಟಿ ಹುಡುಗನಿಗೂ ಅರ್ಥವಾಗುತ್ತೆ.

'ಹೊಸದಾಗಿ ಹುಟ್ಟಬೇಕು' ಅನ್ನೋದು ಇನ್ನೂ ಕಷ್ಟ. ನಿಕೊದೇಮನಂಥ ಪಂಡಿತನಿಗೇ ಯೋಹಾನ 3ರಲ್ಲಿ ಅದು ತಲೆಗೆ ಹೋಗಲಿಲ್ಲ, ಮುದುಕ ಮತ್ತೆ ತಾಯಿಯ ಹೊಟ್ಟೆಗೆ ಹೋಗೋಕಾಗುತ್ತಾ ಅಂತ ಕೇಳಿದ. ನಮ್ಮಲ್ಲಿ ಸಮಸ್ಯೆ ಬೇರೆ. ಈ ಹುಟ್ಟು-ಸಾವಿನ ಸುತ್ತಿನಿಂದ ಬಿಡಿಸಪ್ಪಾ ಅಂತ ದಾಸರು, ಶರಣರು ಹಾಡಿದ ನಾಡಿದು. ಇಲ್ಲಿ ಬಂದು 'ಇನ್ನೊಂದು ಸಲ ಹುಟ್ಟಿ' ಅಂದರೆ ಅದು ಒಳ್ಳೆ ಸುದ್ದಿ ಹೇಗಾಗುತ್ತೆ? ಈ ಜನ್ಮದಲ್ಲೇ, ಇದೇ ಮೈಯಲ್ಲೇ ದೇವರು ಹೊಸ ಬದುಕು ಕೊಡ್ತಾನೆ ಅಂತ ಬಿಡಿಸಿ ಹೇಳಬೇಕು. 'ಪುನರ್ಜನ್ಮ' ಅನ್ನೋ ಪದವನ್ನಂತೂ ಮುಟ್ಟಲೇಬೇಡಿ.

'ಆತ್ಮ ಇಳಿದು ಬಂತು' ಅಂದರೆ ಮೈಮೇಲೆ ಬರೋದು ಅಂತಲೇ ಜನ ತಿಳಿಯೋದು. 'ರಕ್ಷಣೆ ಆಯ್ತಾ?' ಅಂದರೆ ಪೊಲೀಸ್ ರಕ್ಷಣೆ ನೆನಪಾಗುತ್ತೆ. 'ನಿಮ್ಮ ಬಗ್ಗೆ ನನಗೆ ಭಾರವಿದೆ' ಅಂತ ಯಾರಾದರೂ ಅಂದರೆ, ಸಾಲ ಏನಾದರೂ ತೀರಿಸಬೇಕಿತ್ತಾ ಅಂತ ಗಾಬರಿಯಾಗೋದು ಸಹಜ. ನಮ್ಮನಮ್ಮಲ್ಲೇ ಒಂದು ಪದವಿಲ್ಲ: ಕೆಥೋಲಿಕರ ಶುಭಸಂದೇಶ ಪ್ರೊಟೆಸ್ಟೆಂಟರಿಗೆ ಸುವಾರ್ತೆ, ಅವರ ಜ್ಞಾನಸ್ನಾನ (ಬ್ಯಾಪ್ಟಿಸಂ) ಇವರಿಗೆ ದೀಕ್ಷಾಸ್ನಾನ. ಹೊರಗಿನವರು ಇವೆರಡೂ ಬೇರೆ ಬೇರೆ ಶಾಸ್ತ್ರ ಅಂದುಕೊಂಡರೆ ಆಶ್ಚರ್ಯವೇನು?

ಇದೇನೂ ಹೊಸ ಪಾಠವಲ್ಲ. ಅಪೊಸ್ತಲರ ಕೃತ್ಯಗಳು 2ರಲ್ಲಿ ಯೆರೂಸಲೇಮಿಗೆ ಬಂದಿದ್ದ ಜನ ಬೆರಗಾದದ್ದು ತಂತಮ್ಮ ಹುಟ್ಟುಭಾಷೆ ಕಿವಿಗೆ ಬಿದ್ದದ್ದಕ್ಕೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಅನ್ನೋ ಮಿಶನರಿ ಸಂಸ್ಥೆಯವರಿಗೆ ಇದು ಗೊತ್ತಿತ್ತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಕಲೆಹಾಕಿ ಅಚ್ಚು ಹಾಕಿಸಿದರು. ತಾನು ಹೇಳಬಂದ ಜನರ ಹಾಡುಗಳನ್ನು ತಾನೇ ಮೊದಲು ಕೇಳಿಸಿಕೊಂಡ ಹಾಗಾಯಿತಲ್ಲ. ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ತಂದರು, 1894ರಲ್ಲಿ ನಿಘಂಟು ಕೊಟ್ಟರು. ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ಇದೆ. ಅವರ ಧರ್ಮವನ್ನು ಒಪ್ಪದವರೂ ಅದಕ್ಕೆ ಹಾರ ಹಾಕ್ತಾರೆ. ಅವರ ಕಾಲದ ಮಿಶನರಿಗಳ ಬರಹದಲ್ಲಿ ಇಲ್ಲಿನ ದೇವರುಗಳನ್ನು ಜರೆದ ಮಾತುಗಳೂ ಇವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಕಲಿಯಬೇಕಾದ್ದನ್ನು ಕಲಿತು, ಬಿಡಬೇಕಾದ್ದನ್ನು ಬಿಟ್ಟರಾಯಿತು.

ಇನ್ನು ಮಾತು ಶುರು ಮಾಡೋದು. ಯೋಹಾನ 4ರಲ್ಲಿ ಯೇಸು ಸಮಾರ್ಯದ ಹೆಣ್ಣುಮಗಳ ಹತ್ತಿರ ಮೊದಲು ಕೇಳಿದ್ದು ಕುಡಿಯೋಕೆ ನೀರು. ಕೊಡುವವನ ಜಾಗದಲ್ಲಿ ಕೂರದೆ ಕೇಳುವವನ ಜಾಗದಲ್ಲಿ ಕೂತ. ಅಪೊಸ್ತಲರ ಕೃತ್ಯಗಳು 8ರಲ್ಲಿ ಫಿಲಿಪ್ಪ ರಥದಲ್ಲಿದ್ದ ಇಥಿಯೋಪ್ಯದ ಅಧಿಕಾರಿಗೆ ಮೊದಲು ಹಾಕಿದ್ದು ಪ್ರಶ್ನೆ, ಓದ್ತಾ ಇರೋದು ಅರ್ಥವಾಗುತ್ತಾ ಅಂತ. ನಮ್ಮಲ್ಲಿ ಇದಕ್ಕೆ ಒಳ್ಳೆಯ ಬಾಗಿಲೇ ಇದೆ: 'ನಿಮ್ಮ ಮನೆದೇವರು ಯಾವುದು?' ವರ್ಷಕ್ಕೊಮ್ಮೆ ಹೋಗ್ತೀರಾ, ಹರಕೆ ಏನು, ಕಷ್ಟ ಬಂದಾಗ ಏನಂತ ಬೇಡಿಕೊಳ್ತೀರಿ ಅಂತ ನಿಜವಾದ ಕುತೂಹಲದಿಂದ ಕೇಳಿ. ಒಂದು ಗಂಟೆ ಕೂತರೆ ನಲವತ್ತೈದು ನಿಮಿಷ ಅವರದ್ದಾಗಿರಲಿ. ನಡುವೆ ಬಾಯಿ ಹಾಕಿ 'ಆದರೆ ಸತ್ಯವೇದ ಹೇಳುತ್ತೆ...' ಅಂದರೆ ಅಲ್ಲಿಗೆ ಮುಗೀತು, ಮುಂದಿನ ಸಲ ನಿಮ್ಮನ್ನು ಕಂಡು ಅವರು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ.

ಅವರು ತಿರುಗಿಸಿ 'ನೀವು ಯಾಕೆ ಚರ್ಚಿಗೆ ಹೋಗ್ತೀರಿ?' ಅಂತ ಕೇಳೋದು ಬಹುಮಟ್ಟಿಗೆ ಖಚಿತ. ಅದಕ್ಕೆ ಮೂರು ನಿಮಿಷದ ಉತ್ತರ ಸಿದ್ಧವಿರಲಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ಚರ್ಚಿಗೆ ಹೋಗದ ಒಬ್ಬ ಗೆಳೆಯನಿಗೆ ಕೇಳಿಸಿ, ಅರ್ಥವಾಗದ ಕಡೆಯೆಲ್ಲ ನಿಲ್ಲಿಸೋಕೆ ಹೇಳಿ. ಆತ ಮೂರಕ್ಕಿಂತ ಹೆಚ್ಚು ಸಲ ನಿಲ್ಲಿಸಿದರೆ ಮತ್ತೆ ಬರೀರಿ. ಮೊದಲು ನಾನು ಮಹಾಪಾಪಿ, ಈಗ ಎಲ್ಲಾ ಸರಿಹೋಯ್ತು ಅನ್ನೋ ಸಿನಿಮಾ ಬೇಡ. ಇವತ್ತಿಗೂ ಬಗೆಹರಿಯದ್ದು ಏನಿದೆ ಅನ್ನೋದನ್ನೂ ಸೇರಿಸಿದರೆ ನಂಬಿಕೆ ಬರುತ್ತೆ.

ಆಸಕ್ತಿ ಇದ್ದವರ ಜೊತೆ ಓದೋಕೆ ಲೂಕ 15ರ ದುಂದುಗಾರ ಮಗನ ಕಥೆಗಿಂತ ಒಳ್ಳೆಯದು ಕಾಣೆ. 11ರಿಂದ 32ರವರೆಗೆ ಇಪ್ಪತ್ತೆರಡು ವಚನ, ಗಟ್ಟಿಯಾಗಿ ಓದಿದರೆ ಕೆಲವೇ ನಿಮಿಷ. ಅಪ್ಪ ಬದುಕಿರುವಾಗಲೇ ಮಗ ಪಾಲು ಕೇಳ್ತಾನೆ. ಆಸ್ತಿ ಭಾಗದ ಜಗಳ ಕಂಡ ಯಾವ ಮನೆಯವರಿಗೂ ಇದಕ್ಕೆ ವಿವರಣೆ ಬೇಡ, ಮೊದಲ ಸಾಲಿಗೇ 'ಛೆ' ಅಂತಾರೆ. ಓದಾದ ಮೇಲೆ ಕೇಳಬೇಕಾದ್ದು ಇಷ್ಟೇ: ಈ ಅಪ್ಪ ಎಂಥವನು? ದೊಡ್ಡ ಮಗ ಹೇಳಿದ್ದರಲ್ಲಿ ತಪ್ಪೇನು? ನೀವಾಗಿದ್ದರೆ ಒಳಗೆ ಹೋಗ್ತಿದ್ರಾ? ಉತ್ತರ ನೀವೇ ಹೇಳಿಬಿಡಬೇಡಿ. ಮುಂದಕ್ಕೆ ಓದೋಣ ಅಂದವರಿಗೆ ಮಾರ್ಕನ ಸುವಾರ್ತೆ ಇದೆ, ನಾಲ್ಕರಲ್ಲಿ ಚಿಕ್ಕದು. ಹದಿನಾರು ಅಧ್ಯಾಯ, ವಾರಕ್ಕೊಂದರಂತೆ ಹದಿನಾರು ವಾರ, ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ಹಳೆಯ ಸತ್ಯವೇದದ 'ಇರ್ರಿ', 'ಹೇಳುವದಕ್ಕೆ' ಎಲ್ಲ ನಮಗೆ ಇಂಪು, ಹೊಸಬರಿಗೆ ತೊಡಕು. ಸರಳ ಕನ್ನಡದ ಭಾಷಾಂತರ ತೊಗೊಳ್ಳಿ.

ಎಲ್ಲಿ ಮಾತಾಡಬಾರದು ಅನ್ನೋದರ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಬೇಡ ಅನ್ನೋಕೆ ಸಾಧ್ಯವಿಲ್ಲದವರ ಮುಂದೆ ಬೇಡ: ನಿಮ್ಮ ಕೈಕೆಳಗೆ ಕೆಲಸ ಮಾಡುವವರು, ಮನೆಕೆಲಸಕ್ಕೆ ಬರುವವರು, ಟ್ಯೂಷನ್ನಿಗೆ ಬರುವ ಮಕ್ಕಳು, ಡ್ರಿಪ್ ಹಾಕಿಸಿಕೊಂಡು ಮಲಗಿರುವ ರೋಗಿ. ರೋಗಿ ತಾನಾಗಿ ಪ್ರಾರ್ಥನೆ ಕೇಳಿದರೆ ಮಾಡಿ, ಬಿಪಿ, ಶುಗರ್ ಮಾತ್ರೆ ನಿಲ್ಲಿಸಿ ಅಂತ ಮಾತ್ರ ಅಪ್ಪಿತಪ್ಪಿಯೂ ಹೇಳಬೇಡಿ. ಮನೆ ಪ್ರಾರ್ಥನೆಗೆ ಸ್ಪೀಕರ್ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ನಿಷಿದ್ಧ. ಪಕ್ಕದ ಮನೆ ಮಗುವಿನ ನಿದ್ದೆ ಕೆಡಿಸಿ ಹಾಡಿದ ಸ್ತೋತ್ರಕ್ಕೆ ಬರೋದು ಪೊಲೀಸರು ಮಾತ್ರ.

ಕಾನೂನೂ ಗೊತ್ತಿರಬೇಕು. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಡುತ್ತೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿತು: ತತ್ವಗಳನ್ನು ವಿವರಿಸಿ ಹರಡುವ ಹಕ್ಕಿದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅನ್ನೋದು ಇಲ್ಲ. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆಯಲ್ಲಿ 'ಆಮಿಷ'ದ ಅರ್ಥ ಬಹಳ ಅಗಲ. ಹಣ, ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣ, ಮದುವೆಯ ಭರವಸೆ, ದೇವರ ಕೋಪದ ಹೆದರಿಕೆ, ಇನ್ನೊಂದು ಧರ್ಮದ ಆಚರಣೆಯನ್ನು ಕೀಳಾಗಿ ತೋರಿಸೋದು, ಎಲ್ಲವೂ ಅದರೊಳಗೆ ಬರುತ್ತವೆ. ಮತಾಂತರವಾಗುವವರು ಮೂವತ್ತು ದಿನ ಮೊದಲೇ ಜಿಲ್ಲಾಡಳಿತಕ್ಕೆ ಘೋಷಣೆ ಕೊಡಬೇಕು ಅಂತಲೂ ಇದೆ. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಇದನ್ನು ರದ್ದು ಮಾಡುವ ತೀರ್ಮಾನ ಮಾಡಿತು, ಆದರೆ ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಬಿದ್ದುಹೋಗೋದಿಲ್ಲ. ದೀಕ್ಷಾಸ್ನಾನದ ಮಾತು ಬಂದಾಗ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಈ ಕಾಯ್ದೆ ಬಗ್ಗೆ ನನಗೆ ಬೇಕಾದಷ್ಟು ತಕರಾರಿದೆ. ಆದರೂ ಅಕ್ಕಿ ಮೂಟೆಯ ಜೊತೆ ಕರಪತ್ರ ಇಟ್ಟು ಕೊಡೋದು ಕಾಯ್ದೆ ಇಲ್ಲದಿದ್ದರೂ ತಪ್ಪೇ. ಅಕ್ಕಿ ಕೊಡೋದಾದರೆ ಅಕ್ಕಿ ಕೊಡಿ.

ಬಹುತೇಕರು ಬಾಯಿ ಬಿಡದ ಇನ್ನೊಂದು ವಿಷಯ, ಬೆಲೆ. ಲೂಕ 14ರಲ್ಲಿ ಯೇಸು ಕೇಳ್ತಾನೆ, ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕೋದಿಲ್ಲವಾ ಅಂತ. ದುಡ್ಡು ಸಾಲದೆ ಪಿಲ್ಲರಿನ ಕಂಬಿ ತುಕ್ಕು ಹಿಡಿದು ನಿಂತ ಕಟ್ಟಡಗಳು ನಮ್ಮೂರಲ್ಲಿ ಬಡಾವಣೆಗೊಂದು ಸಿಗುತ್ತವೆ, ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಪರಿಶಿಷ್ಟ ಜಾತಿಯವರೊಬ್ಬರು ಕ್ರೈಸ್ತರಾಗಬೇಕು ಅಂತ ಹೊರಟರೆ, 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನಮಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಅಂತ ಅವರಿಗೆ ಮೊದಲೇ ಹೇಳಬೇಕು. ಪರಿಶಿಷ್ಟ ಜಾತಿಯ ಮೀಸಲಾತಿ ಹೋಗುತ್ತೆ, ಮಕ್ಕಳ ಸೀಟಿನ ಪ್ರಶ್ನೆ ಬರುತ್ತೆ. ಆ ನಿಯಮ ಅನ್ಯಾಯ ಅನ್ನೋದು ನನ್ನ ಅಭಿಪ್ರಾಯ, ಆದರೆ ಅದನ್ನು ಬಚ್ಚಿಟ್ಟು ನೀರಿಗಿಳಿಸೋದು ಅದಕ್ಕಿಂತ ದೊಡ್ಡ ಅನ್ಯಾಯ. ಅಪ್ಪ-ಅಮ್ಮನಿಗೆ ಹೇಳಿದ್ದೀರಾ, ಅಪ್ಪನ ತಿಥಿಗೆ ಏನು ಮಾಡ್ತೀರಿ, ಮನೆಯ ಹಬ್ಬಕ್ಕೆ ಹೋಗ್ತೀರಾ, ಇದೆಲ್ಲ ಕೂತು ಮಾತಾಡೋಕೆ ತಿಂಗಳುಗಳೇ ಬೇಕು. ಯಾರಾದರೂ ಅವಸರ ಮಾಡ್ತಿದ್ದರೆ ಅವರ ಕಣ್ಣು ತಲೆ ಲೆಕ್ಕದ ಮೇಲಿದೆ ಅಂತಲೇ ತಿಳೀರಿ.

ಬೇಡ ಅಂದವರಿಗೆ ಮತ್ತೆ ಒತ್ತಾಯ ಇಲ್ಲ, ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಬೆಳಗ್ಗೆ ವಚನ ಹಾಕಿ ಚುಚ್ಚೋದೂ ಇಲ್ಲ. ಸಂಕ್ರಾಂತಿಗೆ ಅವರು ಎಳ್ಳು-ಬೆಲ್ಲ ತಂದರೆ ಎರಡೂ ಕೈಯಲ್ಲಿ ತೊಗೊಂಡು, ಕೂರಿಸಿ ಕಾಫಿ ಕೊಡಿ. ಕ್ರಿಸ್‌ಮಸ್ಸಿಗೆ ಅಚ್ಚುಮುರುಕು, ಕಲ್ಕಲ್, ಕೇಕಿನ ತಟ್ಟೆ ಹೋದ ವರ್ಷ ಹೋದಷ್ಟೇ ತುಂಬಿ ಹೋಗಲಿ. ಅವರ ಮನೆಯಲ್ಲಿ ಮೊಟ್ಟೆ ತಿನ್ನೋದಿಲ್ಲವಾದರೆ ಮೊಟ್ಟೆ ಹಾಕದ ಕೇಕನ್ನು ಬೇರೆ ಡಬ್ಬಿಗೆ ಹಾಕಿ, ಮೇಲೆ ಹಾಗಂತ ಬರೆದು ಕೊಡಿ.